ಗಂಟಲಣ್ಣ ಕುಡಿಯದ ನೀರು

ಆರೋಗ್ಯ ಕಚೇರಿಯ ಗಾಡಿಯಲ್ಲಿ ಮೈಕು ಹಿಡಿದು ಪ್ರಕಟಣೆ ಕೂಗುವವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು; ಅದು ಕಟ್ಟಿಕೊಂಡ ಹೆಂಡತಿಗೂ ಮರೆತುಹೋಗಿ ಎಷ್ಟೋ ಕಾಲವಾಗಿತ್ತು. ಎಲ್ಲರ ಬಾಯಲ್ಲೂ ಅವನು ಗಂಟಲಣ್ಣ. ಎಂಥ ಗಂಟಲು ಅಂತೀರಿ! ‘ಸೊಳ್ಳೆ ಬೆಳೆಯಲು ಬಿಡಬೇಡಿ’ ಎಂದು ಅವನು ಕೂಗಿದರೆ ಸೊಳ್ಳೆಗಳೇ ರೆಕ್ಕೆ ಮಡಚಿ ಗೋಡೆಗೆ ಒರಗಿ, ಕೊನೆಯ ಮಾತಿನವರೆಗೂ ಕೇಳಿ, ಆಮೇಲೆ ಕಚ್ಚಲು ಹೊರಡುತ್ತಿದ್ದವು. ಭೇದಿ, ಕಾಮಾಲೆ, ಹುಚ್ಚುನಾಯಿ, ಯಾವ ಪೀಡೆಯೇ ಆಗಲಿ, ಅವನ ಬಾಯಿಂದ ಬಂದರೆ ಮದುವೆಯ ಕರೆಯಂತೆ ಕೇಳಿಸುತ್ತಿತ್ತು. ಜನ ಬಾಗಿಲಿಗೆ ಬಂದು ತಲೆದೂಗುತ್ತಿದ್ದರು. ಏನು ಹೇಳಿದ ಎಂದು ಕೇಳಿದರೆ ‘ಚೆನ್ನಾಗಿ ಹೇಳಿದ’ ಎನ್ನುತ್ತಿದ್ದರು.

ಅವನ ಮಾತನ್ನು ಅಕ್ಷರ ಬಿಡದೆ ಪಾಲಿಸುತ್ತಿದ್ದ ಜೀವ ಒಂದೇ: ತಗ್ಗಿನ ಓಣಿಯಲ್ಲಿದ್ದ ಅವನ ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಟೀವಿ ನಂಬುವವಳಲ್ಲ, ಫೋನು ಮುಟ್ಟುವವಳಲ್ಲ, ಡಾಕ್ಟರುಗಳನ್ನಂತೂ ಮನುಷ್ಯರ ಲೆಕ್ಕಕ್ಕೇ ಸೇರಿಸುವವಳಲ್ಲ. ಮೈಕಿನಲ್ಲಿ ತಮ್ಮ ಹೇಳಿದರೆ ಮುಗಿಯಿತು. ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂದು ಅವನು ಒಮ್ಮೆ ಕೂಗಿದ್ದಕ್ಕೆ, ಅಂಗೈಯ ರೇಖೆಗಳೆಲ್ಲ ಅಳಿಸಿ ಹಣೆಬರಹವೇ ಬದಲಾಗುವಷ್ಟು ಉಜ್ಜಿಕೊಂಡಿದ್ದಳು.

ಈ ಸಲ ಅದೇ ತಗ್ಗಿನ ಓಣಿಯ ನೆಲದಡಿಯಲ್ಲಿ ಕುಡಿಯುವ ನೀರಿನ ಪೈಪೂ ಚರಂಡಿಯ ಪೈಪೂ ಒಡೆದು ಒಂದಕ್ಕೊಂದು ಕೂಡಿಕೊಂಡವು. ನಲ್ಲಿಯಲ್ಲಿ ಬರುತ್ತಿದ್ದದ್ದನ್ನು ನೀರು ಎಂದು ಕರೆಯಲು ಭಾರಿ ಔದಾರ್ಯ ಬೇಕಿತ್ತು. ಹಳದಿ ಬಣ್ಣ, ಮೇಲೆ ಜಿಡ್ಡಿನ ಪೊರೆ, ಒಳಗೆ ಊರಿನ ಹೊಟ್ಟೆಗಳಿಂದ ಇಳಿದ ಹಳೆಯ ಸಮಾಚಾರವೆಲ್ಲ ಸಣ್ಣಸಣ್ಣ ತುಣುಕುಗಳಾಗಿ. ಓಣಿಯವರು ಅದನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಕಡೆ ನೋಡದೆ ಹಿಂಡಿ ಹಾಕುತ್ತಿದ್ದರು. ತೆರೆದ ಚರಂಡಿಯ ಪಕ್ಕದಲ್ಲೇ ಬದುಕಿದವರ ಮೂಗು ಎಂದೋ ರಾಜೀನಾಮೆ ಕೊಟ್ಟು ಹೋಗಿತ್ತು. ವಾಸನೆ ತಿಳಿಯದು, ಹೊಟ್ಟೆ ಮಾತ್ರ ಸುಮ್ಮನಿರಲಿಲ್ಲ. ಮನೆಗೊಬ್ಬರಂತೆ ಮಲಗಿದರು.

‘ಕುದಿಸಿ ಕುಡಿಯಿರಿ’ ಎಂದು ಬೀದಿಬೀದಿ ಕೂಗಿ ಗಂಟಲಣ್ಣನ ಗಂಟಲು ಕೂತಿತು. ಕೂತದ್ದು ಏಳಲೇ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮನೆಯಲ್ಲಿರಲು ಡಾಕ್ಟರು ಹೇಳಿದರು.

“ಮದುವೆ ಆದ ಮೇಲೆ ಇದೇ ಮೊದಲು, ಈ ಮನೇಲಿ ನನ್ನ ಮಾತು ನನಗೇ ಕೇಳಿಸ್ತಿರೋದು,” ಎಂದು ಹೆಂಡತಿ ಸಂತೋಷಪಟ್ಟಳು.

ಹಾಗಿರುವಾಗ ಒಂದು ಬೆಳಿಗ್ಗೆ ಅವನು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತ ನಿಂತಿದ್ದಾಗ, ಬೀದಿಯ ತುದಿಯಿಂದ ಅವನದೇ ದನಿ ಬಂತು.

“ಮಹಾಜನರೇ, ಸಂತೋಷದ ಸುದ್ದಿ! ನಿಮ್ಮ ನಲ್ಲಿಯ ನೀರು ಈಗ ಶುದ್ಧ. ಕುದಿಸುವ ಗೋಜು ಇನ್ನಿಲ್ಲ. ನಂಬಿಕೆ ಇಲ್ಲವೇ? ಇಗೋ, ನಾನೇ ಕುಡಿಯುತ್ತಿದ್ದೇನೆ!” ಬೆನ್ನಿಗೇ ಗಟಗಟ ಲೋಟ ಬರಿದಾದ ಸದ್ದು, ಕೊನೆಗೆ ಉದ್ದನೆಯ “ಆಹಾ!”

“ರೀ, ನೀವು ಇಲ್ಲೇ ಇದ್ದೀರಲ್ಲ! ಮತ್ತೆ ಅಲ್ಲಿ ಕುಡೀತಿರೋದು ಯಾರು?” ಎಂದಳು ಹೆಂಡತಿ.

ಅದು ಹೋದ ವರ್ಷ ಬೇರೆ ಬೀದಿಯ ಪೈಪು ರಿಪೇರಿಯಾದಾಗ ಮಾಡಿದ ರೆಕಾರ್ಡಿಂಗು. ಗಟಗಟ ಅವನ ಸ್ವಂತ ಕಲ್ಪನೆ. ಅಂದು ಕಚೇರಿಯೆಲ್ಲ ಚಪ್ಪಾಳೆ ತಟ್ಟಿತ್ತು. ಅವನೂ ಉಬ್ಬಿ ಬಾಗಿಲಲ್ಲಿ ಹಿಡಿಸದಂತಾಗಿದ್ದ. ಈಗ ಅದೇ ಸದ್ದು ಹಲ್ಲಿಯೊಂದು ಬೆನ್ನ ಮೇಲೆ ಹರಿದಂತೆ ಮೈಮೇಲೆ ಹರಿಯಿತು. ಬಾಯಲ್ಲಿದ್ದ ಉಪ್ಪುನೀರು ಉಗುಳಿ, ಮೇಲಂಗಿಯ ಗುಂಡಿ ಹಾಕದೆ ಕಚೇರಿಗೆ ಓಡಿದ.

ಸಾಹೇಬರು ಫ್ಯಾನಿನ ಕೆಳಗೆ ಕೂತಿದ್ದರು.

“ನೀರಿನ ಪರೀಕ್ಷೆ... ಬಂತಾ ಸಾರ್?” ಎಂದ ಗಂಟಲಣ್ಣ. ದನಿ ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂತಿತ್ತು.

“ಬರತ್ತೆ ಬಿಡಯ್ಯ. ಪೈಪಿಗೆ ತೇಪೆ ಹಾಕಿ ಆಯ್ತಲ್ಲ, ಬರೋದು ಒಳ್ಳೇದೇ ಬರತ್ತೆ.”

ಕಚೇರಿಯ ಪದ್ಧತಿಯೇ ಹಾಗೆ: ಮೊದಲು ತೇಪೆ, ಆಮೇಲೆ ಸಂತೋಷದ ಪ್ರಕಟಣೆ, ಯಾರಿಗಾದರೂ ನೆನಪಾದರೆ ಪರೀಕ್ಷೆ. ಹೋದ ವರ್ಷ ಅದೃಷ್ಟಕ್ಕೆ ನೀರು ಚೆನ್ನಾಗಿಯೇ ಇತ್ತು.

“ಜನ ಗಾಬರಿ ಬೀಳಬಾರದು ನೋಡು. ನಿನ್ನ ಗಟಗಟ ಇದೆಯಲ್ಲ, ಅದು ನೂರು ಡಾಕ್ಟರಿಗೆ ಸಮ,” ಎನ್ನುತ್ತ ಸಾಹೇಬರು ಅಂಗಡಿಯಿಂದ ತರಿಸಿದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಅಂಗೈಯಿಂದ ಅದರ ಬಾಯಿ ಒರೆಸಿ, ತುಟಿಗಿಟ್ಟುಕೊಂಡರು.

ಗಂಟಲಣ್ಣನಿಗೆ ನಾಲಿಗೆಯ ತುದಿಯವರೆಗೂ ಮಾತು ಬಂದಿತ್ತು. ಹೊರಗೆ ಬಂದದ್ದು ಎರಡು ಕೆಮ್ಮು. ಗಾಡಿ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದ.

“ತಗ್ಗಿನ ಓಣಿ ಮುಗಿಸಿ ಮುಂದಕ್ಕೆ ಹೋಗಿರಬೇಕು,” ಎಂದರು ಸಾಹೇಬರು.

ಅಲ್ಲಿಂದ ಅವನು ಓಡಿದ ಓಟಕ್ಕೆ ಅವನ ನೆರಳು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತಿತಂತೆ. ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಒಲೆ ಆರಿತ್ತು. ನೀರು ಕುದಿಸುವ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅಕ್ಕ ನಲ್ಲಿಯಿಂದ ಲೋಟ ತುಂಬಿಸಿಕೊಂಡು ಬಾಯಿಗೆ ಎತ್ತುತ್ತಿದ್ದಳು. ಅವನು ಹಾರಿ ಕೈ ಹಿಡಿದ.

“ಏಯ್, ಕೈ ಬಿಡೋ! ಏನಾಯ್ತೋ ನಿನಗೆ?”

“ಕುಡೀಬೇಡ... ಅಕ್ಕ...”

“ಈಗ ತಾನೇ ಕುಡಿಯಿರಿ ಅಂತ ಕೂಗಿ ಹೋದೆ. ಗಟಗಟ ಅಂತ ನೀನೂ ಕುಡಿದೆ. ನನಗೇನು ಕಿವಿ ಕೆಟ್ಟಿದೆಯಾ?”

“ಅದು ನಾನಲ್ಲ. ಹೋದ ವರ್ಷದ್ದು.”

ಸದ್ದು ಕೇಳಿ ಎದುರು ಮನೆಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಹಿಂದೆ ನಾಲ್ಕೈದು ಹೆಂಗಸರು.

“ಗಂಟಲಣ್ಣನ ದನಿ ನಮಗೆ ಗೊತ್ತಿಲ್ವಾ?” ಎಂದ ದರ್ಜಿ. “ಮೈಕಲ್ಲಿ ಹೋದವರೇ ಅಸಲಿ. ಇವರ್ಯಾರೋ ಡೂಪ್ಲಿಕೇಟು, ವಾಪಸ್ ಕಳಿಸಿ.”

ಹೆಂಗಸರು ನಕ್ಕರು. ಗಂಟಲಣ್ಣ ಬಾಯಿ ತೆರೆದ. ಈ ಬಾರಿ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಜೀವಮಾನವಿಡೀ ಮಾತನ್ನೇ ಮಾರಿ ಬದುಕಿದವನ ಅಂಗಡಿ, ಬೇಕಾದ ಹೊತ್ತಿಗೆ ಖಾಲಿ. ಲೋಟದ ಕಡೆ ಬೆರಳು ತೋರಿಸಿ, ತಲೆ ಅಲ್ಲಾಡಿಸಿ, ಮೂಗು ಹಿಡಿದುಕೊಂಡ.

ಅಕ್ಕನ ಮುಖ ಗಂಟಿಕ್ಕಿತು.

“ಓಹೋ! ನನ್ನ ಮನೆ ನೀರು ಅಂದ್ರೆ ಮೂಗು ಮುಚ್ಕೋತೀಯಾ? ಈ ಕೈಯಲ್ಲಿ ಕುಡಿದೇ ಬೆಳೆದವನು ನೀನು. ಮೈಕಲ್ಲಿ ಊರಿಗೆಲ್ಲ ಕುಡಿದು ತೋರಿಸೋಕೆ ಬರತ್ತೆ, ಅಕ್ಕನ ಮುಂದೆ ಹೇಸಿಗೆನಾ? ನೀನು ಬೇಡ ಅಂದ್ರೆ ಬಿಡು, ನಾನು ಕುಡೀತೀನಿ.”

ಅವಳು ಹಟಕ್ಕೆ ಬಿದ್ದರೆ ಬೆಟ್ಟವೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಲೋಟ ಮತ್ತೆ ಮೇಲೇರಿತು. ಗಂಟಲಣ್ಣ ಅದನ್ನು ಕಿತ್ತುಕೊಂಡು ಅಕ್ಕನಿಗೆ ಸಿಗದಂತೆ ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡ. ಅಲ್ಲಿಯವರೆಗೆ ಅವನು ಆ ನೀರನ್ನು ಗಾಡಿಯೊಳಗೆ ಕೂತು ಬಣ್ಣಿಸಿದ್ದನೇ ಹೊರತು ಮೂಸಿರಲಿಲ್ಲ. ಪೊರೆಯ ಮೇಲೆ ಸಣ್ಣದೊಂದು ಗುಳ್ಳೆ ಎದ್ದು ಒಡೆಯಿತು. ಕೂದಲೆಳೆಯಂಥದ್ದೇನೋ ಸುತ್ತಿ ಸುತ್ತಿ ತಳಕ್ಕೆ ಇಳಿಯಿತು. ಆ ನಾತ ಮೂಗಿಗೆ ಬರಲಿಲ್ಲ, ನೇರ ಕರುಳಿಗೆ ಕೈ ಹಾಕಿತು.

ಅವನು ಬಾಗಿಲ ಕಂಬ ಹಿಡಿದು ಓಣಿಯ ನಡುವೆ ಬಗ್ಗಿದ. ಬೆಳಗಿನ ತಿಂಡಿ ಬಂತು, ಹಿಂದಿನ ದಿನದ ಊಟ ಬಂತು, ಡಾಕ್ಟರು ಕೊಟ್ಟ ಮಾತ್ರೆಗಳು ಬಂದವು. ಚಿಕ್ಕಂದಿನಲ್ಲಿ ನುಂಗಿದ್ದ ಗೋಲಿಯೂ ಬಂತೆಂದು ದರ್ಜಿ ಇಂದಿಗೂ ಆಣೆ ಮಾಡುತ್ತಾನೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಇಷ್ಟಾದರೂ ಲೋಟವನ್ನು ಕೈಯಿಂದ ಬಿಟ್ಟಿರಲಿಲ್ಲ.

ಯಾರೂ ನಗಲಿಲ್ಲ. ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅವಳ ಮನೆಯಿಂದ ಕೊಡವೊಂದು ದಬದಬನೆ ಸುರಿದ ಸದ್ದು ಬಂತು. ಆಮೇಲೆ ಇನ್ನೊಂದು ಮನೆಯಿಂದ. ದರ್ಜಿ ತನ್ನ ಮಗುವಿನ ಕೈಯಲ್ಲಿದ್ದ ಬಾಟಲಿ ಕಿತ್ತುಕೊಂಡು ದೂರ ಎಸೆದ. ಮಗು ಅತ್ತಿತು. ಅಳಲಿ ಬಿಡಿ.

ಅಕ್ಕ ತಮ್ಮನ ಬೆನ್ನು ಸವರುತ್ತ ನಿಂತಳು. ಬೋರಲು ಹಾಕಿದ್ದ ಪಾತ್ರೆಯ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಒಲೆ ಹಚ್ಚಿ ಬಂದಳು.

“ನಿನ್ನ ಮೈಕಿಗೆ ಬೆಂಕಿ ಬೀಳ,” ಎಂದಳು ಮೆಲ್ಲಗೆ. “ಇನ್ಮೇಲೆ ಕೂಗಬೇಡ ಕಣೋ. ಸುಮ್ನೆ ಬಂದು ವಾಂತಿ ಮಾಡಿ ಹೋಗು. ನಮಗೆ ಅರ್ಥ ಆಗತ್ತೆ.”

ಅಷ್ಟರಲ್ಲಿ ಪಕ್ಕದ ಓಣಿಯಿಂದ ಅವನ ದನಿ ಬಂತು, ಜೇನಿನಂಥ ದನಿ, ಮಹಾಜನರೇ ಎಂದು ಕರೆಯುತ್ತ. ಗಟಗಟ. ಆಹಾ. ಗಂಟಲಣ್ಣ ತೋಳಿನಿಂದ ಬಾಯಿ ಒರೆಸಿಕೊಂಡ. ತನ್ನ ಗಂಟಲನ್ನೇ ಹಿಡಿದು ಹಿಚುಕಬೇಕು ಅನ್ನಿಸಿತು. ಹಿಚುಕಿದರೂ ಅಲ್ಲಿ ಕೂಗುವುದು ನಿಲ್ಲುತ್ತಿರಲಿಲ್ಲ.

ಲೋಟ ಹಿಡಿದುಕೊಂಡೇ ಆ ಓಣಿಗೆ ನಡೆದ. ಮೊದಲ ಮನೆಯ ಬಾಗಿಲು ಬಡಿದ. ತೆರೆದವಳ ಮೂಗಿನ ಕೆಳಗೆ ಲೋಟ ಹಿಡಿದ.

“ಏನಣ್ಣ? ನೀರು ತಾನೇ?” ಎಂದಳು ಅವಳು.

ಅವಳದೂ ಚರಂಡಿಯ ಪಕ್ಕದಲ್ಲೇ ಬದುಕಿದ ಮೂಗು; ವಾಸನೆ ತಿಳಿಯಲಿಲ್ಲ. ಗಂಟಲಣ್ಣ ಉಸಿರು ಬಿಗಿಹಿಡಿದು ನಿಂತ. ಆಮೇಲೆ ಲೋಟವನ್ನು ತನ್ನ ಮೂಗಿಗೇ ತಂದುಕೊಂಡು ಉಸಿರೆಳೆದ. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಬಂತು.