ಅಲಾಯಿಗೆ ಹೋದ ಮಿಲ್ಲಿನ ಉಪ್ಪು

ಕೊಂಕಲ್ಲಿನ ರಾಮಲಿಂಗನು ಹರೆಯದಲ್ಲಿ ಗುಜರಾತಿನ ಎಣ್ಣೆಬಾವಿಗಳ ಕಡೆ ದುಡಿದವನು. ನೆಲದಾಳಕ್ಕೆ ನೀರು ನೂಕಿ, ಅಲ್ಲಿ ಅಡಗಿದ ಎಣ್ಣೆಯನ್ನು ಬಾವಿಯತ್ತ ತಳ್ಳುವ ಪಂಪಿನ ಮನೆಯಲ್ಲಿ ಅವನ ಕೆಲಸ. ಆ ನೀರಿಗೆ ಹನಿಹನಿಯಾಗಿ ಔಷಧ ಬೆರೆಸಬೇಕು. ಬೆರೆಸದಿದ್ದರೆ ನೀರಿನೊಳಗಿನ ಸುಣ್ಣ ಕೊಳವೆಯ ಒಳಮೈಗೆ ಕಲ್ಲಾಗಿ ಕಚ್ಚಿ ದಾರಿಯನ್ನೇ ಮುಚ್ಚಿಬಿಡುತ್ತಿತ್ತು. ಊರಿಗೆ ಬಂದು ಇದನ್ನು ಹೇಳಿದರೆ ಅತ್ತಿಗೆ ಕರೆಮ್ಮ ಬಿದ್ದುಬಿದ್ದು ನಗುವಳು. "ನೀರು ಹಾಕಿ ಎಣ್ಣಿ ತಗೀತಾನಂತ! ನಮ್ಮ ಎಮ್ಮಿಗೂ ಒಂದೀಟು ನೀರು ಕುಡಿಸಿ ತುಪ್ಪ ತಗದು ಕೊಡಪಾ, ಮೈದುನಾ."

ಈಗ ಅವನು ಶಹಾಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಹಬೆಯ ಬಾಯ್ಲರ್ ನೋಡಿಕೊಳ್ಳುತ್ತಾನೆ. ಇಲ್ಲಿಯೂ ಅದೇ ವೈರಿ, ಸುಣ್ಣ. ಬೋರಿನ ಗಡಸು ನೀರನ್ನು ಒಂದು ಟ್ಯಾಂಕಿನಲ್ಲಿ ಹಾಯಿಸಿ ಮೆದು ಮಾಡಬೇಕು. ಆ ಟ್ಯಾಂಕನ್ನು ಆಗಾಗ ಉಪ್ಪುನೀರಿನಿಂದ ತೊಳೆಯಬೇಕು. ತಪ್ಪಿದರೆ ಬಾಯ್ಲರಿನ ಕೊಳವೆಗೆ ಸುಣ್ಣ ಕಟ್ಟಿ, ಅದು ಕಾದು ಒಡೆಯುತ್ತದೆ. ಹಾಗೆ ಒಡೆದ ಕೊಳವೆಯ ಹಬೆಯೇ, ಈಗ ಗೇಟು ಕಾಯುವ ಅವನ ಜೊತೆಗಾರ ಜಮಾಲಸಾಬನ ಎಡಗಣ್ಣನ್ನು ತೆಗೆದಿತ್ತು.

ಮೊಹರಮ್ಮಿನ ಕೊನೆಯ ದಿನ ರಾಮಲಿಂಗನು ನೋಡುತ್ತಾನೆ, ಉಪ್ಪಿನ ಕೋಣೆ ಬರಿದು! ಮುನೀಮ ಭಗವಂತರಾಯರು ಮೊಮ್ಮಗಳ ಜ್ವರ ಇಳಿದ ಹರಕೆಗೆಂದು ಇದ್ದ ಚೀಲಗಳನ್ನೆಲ್ಲ ಪೀರದೇವರ ಮುಂದೆ ತೋಡಿದ ಅಲಾಯಿ ಕುಣಿಯ ಬೆಂಕಿಗೆ ಸುರಿದಿದ್ದರು. ಅಂದು ಊರ ಅಂಗಡಿಗಳೆಲ್ಲ ಬಂದ್. ತೊಟ್ಟಿಗಳಲ್ಲಿ ನೆನೆದ ಭತ್ತವೋ ಹುಳಿಯಾಗುವ ಮುನ್ನ ಬೇಯಬೇಕು.

"ಹಚ್ಚಪಾ ಬೆಂಕಿ. ಒಂದಿನ ಬೋರಿನ ನೀರು ಹಂಗೇ ಹೋದ್ರ ಏನಾಗತದ?" ಎಂದರು ರಾಯರು.

"ಒಳಗ ಈಗಾಗಲೇ ಸುಣ್ಣದ ಪದರು ಕಟ್ಟ್ಯಾದ್ರಿ ರಾಯರ. ಮ್ಯಾಲ ಮತ್ತೊಂದು ಕಟ್ಟಸಂಗಿಲ್ಲ. ನಾ ಹಚ್ಚಂಗಿಲ್ಲ."

"ದೇವರಿಗೆ ಕೊಟ್ಟ ಉಪ್ಪಿನ ಲೆಕ್ಕ ನನ್ನನ್ನ ಕೇಳ್ತಿಯೇನೋ?"

"ದೇವರಿಗೆ ನಿಮ್ಮ ಮನಿ ಉಪ್ಪು ಹಾಕಬೇಕಿತ್ರಿ. ಇದು ಬಾಯ್ಲರಿನ ಉಪ್ಪು."

ರಾಯರ ಮುಖ ಕೆಂಪಾಯಿತು. "ಬೆಂಕಿ ಹಚ್ಚಾಕ ಇನ್ನೊಬ್ಬ ಸಿಗ್ತಾನ. ನಾಳಿಂದ ನೀ ಬರಬ್ಯಾಡ!"

ರಾಮಲಿಂಗನು ಒಲೆಯ ಬಾಗಿಲಿಗೆ ಬೆನ್ನು ಕೊಟ್ಟು ಹೊಟ್ಟಿನ ಬುಟ್ಟಿಯ ಮೇಲೆ ಕುಳಿತುಬಿಟ್ಟನು. "ಕರಕೊಂಡು ಬರ್ರಿ. ಗೇಟಿನಾಗ ಜಮಾಲಸಾಬ ಕುಂತಾನ. ಬರೋನಿಗೆ ಮೊದಲ ಅವನ ಮುಖ ತೋರಿಸ್ರಿ."

ರಾಯರು ಗೇಟಿನತ್ತ ಒಮ್ಮೆ ನೋಡಿದರು. ಆಮೇಲೆ ಸ್ಕೂಟರ್ ಹತ್ತಿದರು. ಸುರಪುರದ ರಸ್ತೆಯಲ್ಲಿ ಇನ್ನೊಂದು ಮಿಲ್ಲುಂಟು. ಹಳೆಯ ಜಗಳದಿಂದ ಅದರ ಹೊಸ್ತಿಲನ್ನು ಅವರು ಎಷ್ಟೋ ವರ್ಷದಿಂದ ತುಳಿದಿರಲಿಲ್ಲ. ಹೊತ್ತು ಇಳಿಯುವಾಗ ಒಂದು ಚೀಲ ತಂದು ದೊಪ್ಪನೆ ಕೆಡವಿದರು. "ತಗೋ, ಹಠಮಾರಿ! ಅವರ ಮುಂದ ಕೈ ಚಾಚಿ ತಂದೀನಿ."

ರಾಮಲಿಂಗನು ಅವಸರ ಮಾಡಲಿಲ್ಲ. ಉಪ್ಪು ಕರಗಿಸಿ ಟ್ಯಾಂಕ್ ತೊಳೆದನು. ತಂಬಿಗೆಯಲ್ಲಿ ಅದರ ನೀರು ಹಿಡಿದು ಸಾಬೂನು ಉಜ್ಜಿದನು. ನೀರು ಮೆದುವಾಗಿದ್ದರೆ ನೊರೆ ಉಕ್ಕಬೇಕು.

"ನೊರಿ ಬಂತಲ್ಲೋ, ಸಾಕು!" ಎಂದರು ರಾಯರು.

"ಇದು ನೊರಿ ಅಲ್ರಿ, ಒಡದ ಮಸರು" ಎಂದು ಚೆಲ್ಲಿ ಮತ್ತೆ ತೊಳೆದನು. ನೊರೆ ತಂಬಿಗೆಯ ಬಾಯಿ ಮೀರಿ ಉಕ್ಕಿದ ಮೇಲೆಯೇ ಒಲೆಗೆ ಕಡ್ಡಿ ಗೀರಿದನು. ಒಂದು ತೊಟ್ಟಿಯ ಭತ್ತ ಮಾತ್ರ ಹುಳಿ ನಾತ ಹೊಡೆಯಿತು. ಉಳಿದದ್ದು ಬೆಂದು ಘಮಘಮಿಸಿತು.

ಮರುದಿನ ಬೆಳಗ್ಗೆ ಅವನು ಎಂದಿನ ಹೊತ್ತಿಗೇ ಬಂದನು.

"ಬರಬ್ಯಾಡ ಅಂದಿದ್ದೆನಲ್ಲ?"

"ಅಂದಿದ್ರಿ. ಉಪ್ಪಿನ ಖೋಲಿ ಕೀಲಿ ಕೊಡ್ರಿ, ಇನ್ನಮ್ಯಾಲ ನನ್ನ ಕಡಿ ಇರಲಿ."

ರಾಯರು ಅವನನ್ನೇ ದಿಟ್ಟಿಸಿದರು. ಉಡಿದಾರದಿಂದ ಕೀಲಿ ಬಿಚ್ಚಿ, ಅವನ ಕೈಗೆ ಕೊಡದೆ, ತೊಟ್ಟಿಯ ಕಟ್ಟೆಯ ಮೇಲಿಟ್ಟು ಹೊರಟುಹೋದರು.