ನಾನು ತೊಳೆದ ಕೊಳವೆ

ಶಾಂತವ್ವ, ನಿನ್ನ ಗಂಡ ಮಲ್ಲಪ್ಪನ ರಕ್ತದ ರಿಪೋರ್ಟು ಸುಳ್ಳಾಗಿತ್ತು. ಬರೆದವನು ನಾನು. ಸುಳ್ಳೆಂದು ಮರುದಿನ ಬೆಳಿಗ್ಗೆಯೇ ತಿಳಿದಿತ್ತು — ಮುಚ್ಚಿಟ್ಟೆ. ಹನ್ನೊಂದು ವರ್ಷ ಮುಚ್ಚಿಟ್ಟೆ.

ಮುಂಬಯಿಯ ಕುರ್ಲಾದ ಆ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಮೆಟ್ರಿಕ್ ಓದಿದವನು, ನೋಡಿ ನೋಡಿ ಕೆಲಸ ಕಲಿತವನು. ನೀನು ಹಿಚುಕಿದ ಮಲ್ಲಪ್ಪನ ತೊಡೆಯ ಕುರು ಒಡೆದು ಜ್ವರ ಏರಿದಾಗ ಡಾಕ್ಟರು ರಕ್ತ ಕಳಿಸಿದ್ದರು. ಅದರಲ್ಲಿ ರೋಗಾಣು ಬೆಳೆಯಿತು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಂಡಿತು — ಸ್ಟ್ಯಾಫಿಲೊಕಾಕಸ್. ಅದರಲ್ಲೊಂದು ಬಗೆ ಎಲ್ಲರ ಚರ್ಮದ ಮೇಲೂ ಸುಮ್ಮನಿರುವಂಥದ್ದು, ಸೂಜಿ ಚುಚ್ಚುವಾಗ ಬಾಟಲಿಗೆ ಬಿದ್ದಿರಬಹುದು. ಇನ್ನೊಂದು ಕೊಲ್ಲುವಂಥದ್ದು. ಯಾವುದೆಂದು ತಿಳಿಯಲು ಗಾಜಿನ ಕೊಳವೆಯಲ್ಲಿ ರಕ್ತದ ತಿಳಿಗೆ ರೋಗಾಣು ಸೇರಿಸಿ ಬೆಚ್ಚಗಿಡಬೇಕು. ಹೆಪ್ಪುಗಟ್ಟಿದರೆ ಕೊಲ್ಲುವ ಬಗೆ. ನಾಲ್ಕು ತಾಸಿನಲ್ಲಿ ಹೆಪ್ಪುಗಟ್ಟದಿದ್ದರೆ ಮರುದಿನದವರೆಗೆ ಕಾಯಲೇಬೇಕು.

ನಾಲ್ಕು ತಾಸಿಗೆ ಕೊಳವೆ ಬಗ್ಗಿಸಿದೆ. ನೀರಿನಂತೆ ಹರಿಯಿತು. ಆ ಸಂಜೆ ಮಾಟುಂಗದಲ್ಲಿ ನಮ್ಮ ಸಂಘದ ನಾಟಕದ ತಾಲೀಮು, ನನಗೆ ಮಂತ್ರಿಯ ಪಾತ್ರ — ಇಷ್ಟೇ, ಇದಕ್ಕಾಗಿಯೇ. 'ನಾಳೆ ತಿಳಿಯುತ್ತದೆ' ಎಂದರೆ ರಿಪೋರ್ಟಿಗೆ ಕಾದಿದ್ದ ಡಾಕ್ಟರಿಗೆ ವಿವರಿಸುತ್ತ ನಿಲ್ಲಬೇಕಿತ್ತು, ತಾಲೀಮು ತಪ್ಪುತ್ತಿತ್ತು. 'ಚರ್ಮದ ರೋಗಾಣು' ಎಂದು ಬರೆದು, ಸಹಿ ಮಾಡಿಸಿ, ಲೋಕಲ್ ರೈಲು ಹಿಡಿಯಲು ಓಡಿದೆ.

ಮೆಟ್ಟಿಲಲ್ಲಿ ನೀನು ಸಿಕ್ಕೆ.

"ಅಣ್ಣಾರ, ರಕ್ತದಾಗ ಏನ್ ಸಿಕ್ತ್ರೀ?"

"ಏನಿಲ್ಲವ್ವಾ. ಮೈಮ್ಯಾಲಿನ ಹುಳ, ಎಲ್ಲಾರಿಗೂ ಇರ್ತಾವು."

"ಹಂಗಾರ ಔಷಧಾ ಯಾಕ್ರಿ? ತಿಕ್ಕಿ ಜಳಕಾ ಮಾಡಸ್ತೀನಿ ತಗೋರಿ!"

ನೀನು ನಕ್ಕೆ. ನಾನೂ ನಕ್ಕೆ.

ಬೆಳಿಗ್ಗೆ ಬಂದು ನೋಡಿದರೆ — ಕೊಳವೆಯೊಳಗೆ ಗಟ್ಟಿ ಮೊಸರು. ತಲೆಕೆಳಗೆ ಮಾಡಿದರೂ ಜಾರಲಿಲ್ಲ. ನನ್ನ ರಿಪೋರ್ಟು ನಂಬಿ ಡಾಕ್ಟರು ರೋಗಾಣು ಕೊಲ್ಲಲು ಕೊಡುತ್ತಿದ್ದ ದೊಡ್ಡ ಇಂಜೆಕ್ಷನ್ ಆಗಲೇ ನಿಲ್ಲಿಸಿದ್ದರು. ವಾರ್ಡು ಎರಡೇ ಮಹಡಿ ಕೆಳಗಿತ್ತು. ಇಳಿದು ಹೋಗಿ ಹೇಳಿದ್ದರೆ... ಬೈಗುಳ, ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ನಾನು ಕೊಳವೆಗೆ ಬ್ಲೀಚ್ ಸುರಿದು ತೊಳೆದೆ. ಒಣಗಲು ಬೋರಲು ಹಾಕಿದೆ.

ಮಲ್ಲಪ್ಪನನ್ನು ಮನೆಗೆ ಕಳಿಸಿದರು. ಮತ್ತೆ ಕರೆತಂದಾಗ ವಿಷ ಹೃದಯದ ಕವಾಟಕ್ಕೆ ಹತ್ತಿತ್ತು. ಆ ವಾರವೇ ಹೋದ.

ಮಣ್ಣು ಮಾಡಿ ಬಂದ ಮೇಲೆ ನಿಮ್ಮ ಚಾಳಿನ ಮನೆಗಳ ಮುಂದಿನ ಗ್ಯಾಲರಿಯಲ್ಲಿ ನಿನ್ನತ್ತೆ ಎಲ್ಲರೆದುರು, "ಕುರಾ ಹಿಚಿಕಿ ನನ್ನ ಮಗನ್ನ ತಿಂದ್ಲು" ಎಂದಳು. ನೀನು ನಿನ್ನ ಎರಡು ಹೆಬ್ಬೆರಳು ನೋಡುತ್ತ ಕೂತಿದ್ದೆ. ಮಣ್ಣಿಗೆ ಬಂದಿದ್ದ ನಾನು ಅಲ್ಲೇ ನಿಂತಿದ್ದೆ. ನಿನಗೆ ನೀರು ತಂದುಕೊಟ್ಟೆ — ನೀರು ಮಾತ್ರ. ಅಂದಿನಿಂದ ಮಗಳ ಮೊಣಕಾಲು ತರಚಿದರೂ ನೀನು ಮುಟ್ಟುವುದಿಲ್ಲ, ಪಕ್ಕದ ಮನೆಯವರನ್ನು ಕರೆಯುತ್ತೀಯಂತೆ. ಅದು ಕೇಳಿದ ಮೇಲೂ ಎಷ್ಟು ವರ್ಷ...

ಕುರುವಿನಿಂದಲೇ ರಕ್ತಕ್ಕೆ ಇಳಿದಿರಬಹುದು. ಆದರೆ ಹಿಡಿಯಲು ಸಮಯವಿತ್ತು. ಆ ಸಮಯ ಕಳೆದವನು ನಾನು. ಇಂಜೆಕ್ಷನ್ ಮುಂದುವರಿದಿದ್ದರೆ ಉಳಿಯುತ್ತಿದ್ದನೇ — ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನೂ ನಾನೇ.

ಕ್ಷಮೆ ಕೇಳುತ್ತಿಲ್ಲ. ಕೊಡಬೇಡ. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ಭಾನುವಾರ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ನಾನೇ ಬರುತ್ತೇನೆ. ನಿನ್ನತ್ತೆಯನ್ನು ಹೊರಗೆ ಕರೆದು ಕೂರಿಸುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಸರಿ, ಗ್ಯಾಲರಿಯಲ್ಲೇ ನಿಂತು ಗಟ್ಟಿಯಾಗಿ ಓದುತ್ತೇನೆ. ಚಾಳಿನವರಿಗೆ ತಿಳಿಯುವಂತೆ ಹಿಂದಿಯಲ್ಲೂ ಹೇಳುತ್ತೇನೆ.