ಸಾಸಿವೆ ಡಬ್ಬಿಯ ಎರಡು ಸ್ಕ್ರೂ

ಇವತ್ತು ಬೆಳಿಗ್ಗೆ ಕಾಕುವಿನ, ಅಂದರೆ ಚಿಕ್ಕಮ್ಮನ, ಅಡುಗೆಮನೆಯಲ್ಲಿ ಒಗ್ಗರಣೆಗೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದೆ. ಸಾಸಿವೆಯ ಜೊತೆ ಎರಡು ಸ್ಕ್ರೂ ಬೆರಳಿಗೆ ಸಿಕ್ಕವು. ಬೇರೆ ಯಾರೇ ಆಗಿದ್ದರೂ ಎತ್ತಿ ಎಸೆಯುತ್ತಿದ್ದರು. ನಾನು ಒಲೆ ಸಣ್ಣ ಮಾಡಿ, ಅವನ್ನು ಅಂಗೈಯಲ್ಲಿಟ್ಟುಕೊಂಡು ನಿಂತುಬಿಟ್ಟೆ. ಅವು ಈ ರಾಮದುರ್ಗದ ಮನೆಯ ಪಾಯಖಾನೆ ಬಾಗಿಲಿನವು.

ಪಾಯಖಾನೆಯ ಬಗ್ಗೆ ಬರೆಯಲು ಸಂಕೋಚ ಬೇಡವೇ ಎಂದು ನೀವು ಕೇಳಬಹುದು. ಆರು ವರ್ಷದ ಹಿಂದೆ ನನಗೂ ಇತ್ತು. ಆ ಸಂಕೋಚದಿಂದ ಒಂದು ಜೀವ ಹೋಗುವುದರಲ್ಲಿತ್ತು. ಆಮೇಲೆ ಬಿಟ್ಟೆ.

ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಹರೆಯದಲ್ಲಿ ಪೈಲ್ವಾನ. ಸವದತ್ತಿ, ಬೈಲಹೊಂಗಲದ ಕುಸ್ತಿ ಕಣಗಳ ಮಣ್ಣು ಮೈಗೆ ಮೆತ್ತಿಕೊಂಡವನು. ಜಗತ್ತಿನ ಎಲ್ಲ ತೊಂದರೆಗೂ ಅವನಲ್ಲಿ ಒಂದೇ ಉಪಾಯ: ದಮ್ಮು ಕಟ್ಟುವುದು. ಉಸಿರು ಬಿಗಿಹಿಡಿದು ಬಲ ಹಾಕಿದರೆ ಆಯಿತು. ಕೆಸರಿನಲ್ಲಿ ಸಿಕ್ಕ ಟ್ರಾಲಿ, ತೆರೆಯದ ಉಪ್ಪಿನಕಾಯಿ ಭರಣಿ, ಬೆಳಗಿನ ಹೊಟ್ಟೆ, ಎಲ್ಲಕ್ಕೂ ಅದೇ ಪಟ್ಟು. ಪಾಯಖಾನೆಯೊಳಗಿನ ಅವನ ಹೂಂಕಾರ ಪಡಸಾಲೆಯಲ್ಲಿ ಕುಳಿತ ಬೀಗರಿಗೂ ಕೇಳುತ್ತಿತ್ತು. ನಾವು ಮಾತು ಜೋರು ಮಾಡುತ್ತಿದ್ದೆವು.

ಅಂಥವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಬೆಳಗಾವಿಯಲ್ಲಿ ಉಳಿಸಿ ಕಳಿಸಿದರು. ಹೊರಡುವಾಗ ಡಾಕ್ಟರು ಹೇಳಿದರು, "ಪೈಲ್ವಾನ್ರ, ಇನ್ ಮುಂದ ದಮ್ಮ ಕಟ್ಟೂದು ಬಂದ್. ಸಂಡಾಸದಾಗ ಅಂತೂ ಬಿಲ್ಕುಲ್ ತಿಣುಕಬ್ಯಾಡ್ರಿ. ಉಸರ ಹಿಡದ ಬಲಾ ಹಾಕಿದ್ರ ಎದಿಯೊಳಗ ಒತ್ತಡ ಏರಿ ಹಾರ್ಟಿಗೆ ರಕ್ತ ಬರೂದು ಕಡಿಮಿ ಆಗತೈತಿ. ಬಿಟ್ಟ ಕೂಡ್ಲೇ ಒಮ್ಮಿಗೇ ನುಗ್ಗತೈತಿ. ಪೆಟ್ಟ ತಿಂದ ಹಾರ್ಟ್ ಅದನ್ನ ತಾಳೂದಿಲ್ಲ. ಬಾಗಲಾ ಚಿಲಕಾನೂ ಹಾಕಬ್ಯಾಡ್ರಿ."

ಕಾಕಾ ಎಲ್ಲದಕ್ಕೂ ತಲೆಯಾಡಿಸಿದ. ಮನೆಗೆ ಬಂದ ಮೇಲೆ, "ಚಿಲಕಾ ಹಾಕದ ಕುಂದರಾಕ ನಾ ಏನ್ ಎಮ್ಮೇನ?" ಎಂದ.

"ನೀವ ಹಾಕ್ಕೋರಿ, ಯಾರ ಬ್ಯಾಡಂದಾರ?" ಎಂದಳು ಕಾಕು. ಅಷ್ಟು ಬೇಗ ಸೋಲುವ ಹೆಂಗಸಲ್ಲ ಅವಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬರಲಿಲ್ಲ, ಏಕೆಂದರೆ ನಾನು ಪಥ್ಯದ ಪಟ್ಟಿ ಬರೆಯುತ್ತಿದ್ದೆ. ಎಂ.ಎ. ಮಾಡಿದವಳು ಮನೆಯಲ್ಲಿದ್ದಾಗ ಬೇರೆ ಯಾರು ಬರೆಯಬೇಕು? ರೊಟ್ಟಿ ಜಡ, ಕಾಳು ಜಡ, ಹಸಿ ಸೊಪ್ಪು ಬೇಡವೇ ಬೇಡ. ಅನ್ನದ ಗಂಜಿ, ಸಾಬೂದಾಣಿ, ಹಾಲು, ಬ್ರೆಡ್. ನೋಡಲು ಬಂದವರೆಲ್ಲ ಬ್ರೆಡ್ ತರುತ್ತಿದ್ದರು. ಹುಟ್ಟಿದಾಗಿನಿಂದ ಜೋಳದ ರೊಟ್ಟಿಗೆ ಒಗ್ಗಿದ ಹೊಟ್ಟೆ ನಾಲ್ಕೇ ದಿನಕ್ಕೆ ಕಲ್ಲಾಯಿತು. ಅದನ್ನು ಕಾಕಾ ಯಾರಿಗೂ ಹೇಳಲಿಲ್ಲ. ಎದೆನೋವನ್ನು ಊರಿಗೆಲ್ಲ ವರ್ಣಿಸಿದ ಮನುಷ್ಯ ಇದನ್ನು ಹೆಂಡತಿಗೂ ಹೇಳಲಿಲ್ಲ.

ಐದನೆಯ ದಿನ ಬೆಳಿಗ್ಗೆ ಪಾಯಖಾನೆಯಿಂದ ಹಳೆಯ ಹೂಂಕಾರ ಕೇಳಿತು. ಒಮ್ಮೆ, ಎರಡು ಸಲ. ಆಮೇಲೆ ತಂಬಿಗೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ನನ್ನ ನೆನಪಿನಲ್ಲಿ ನಾನು ಓಡಿ ಹೋಗಿ ಬಾಗಿಲಿಗೆ ಭುಜ ಕೊಟ್ಟೆ. ಎಷ್ಟೋ ಜನರ ಮುಂದೆ ಹಾಗೇ ಹೇಳಿದ್ದೇನೆ. ಇದನ್ನು ಬರೆಯುವ ಮುಂಚೆ ಆ ದಿನದ ಡೈರಿ ತೆಗೆದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿದೆ: "ಕಾಕು ಓಡಿದಳು. ನಾನು ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದೆ." ಆರು ವರ್ಷದಲ್ಲಿ ನೆನಪು ನನ್ನನ್ನು ಅಡುಗೆಮನೆಯಿಂದ ಬಾಗಿಲವರೆಗೆ ಸಾಗಿಸಿದೆ. ನನ್ನ ಉಳಿದ ಪರಾಕ್ರಮಗಳ ಬಗ್ಗೆ ಈಗ ನನಗೇ ಧೈರ್ಯವಿಲ್ಲ.

ಕಾಕು ಭುಜ ಕೊಟ್ಟಳು. ಒಂದೇ ಏಟಿಗೆ ಬಾಗಿಲು ತೆರೆಯಿತು. ಚಿಲಕ ಹಾಕಿಯೇ ಇತ್ತು, ಆದರೆ ಚೌಕಟ್ಟಿನ ಮೇಲಿನ ಕೊಂಡಿಯ ಸ್ಕ್ರೂಗಳನ್ನು ಆಸ್ಪತ್ರೆಯಿಂದ ಬಂದ ದಿನವೇ ಅವಳು ಬಿಚ್ಚಿದ್ದಳು. ಕೊಂಡಿಯನ್ನು ಚಪಾತಿ ಕಣಕದಿಂದ ಅಂಟಿಸಿ, ದಿನಾ ಕಾಕಾ ಪೂಜೆಗೆ ಕುಳಿತಾಗ ಹೊಸ ಕಣಕ ಮೆತ್ತುತ್ತಿದ್ದಳಂತೆ. ಗೋಡೆಗೆ ಒರಗಿ ಪ್ರಜ್ಞೆ ತಪ್ಪಿದ್ದವನನ್ನು ಇಬ್ಬರೂ ಎಳೆದು ಮಲಗಿಸಿದೆವು. ಅಷ್ಟರಲ್ಲಿ ಕಣ್ಣು ಬಿಟ್ಟ. ಮೊದಲ ಮಾತು: "ನನ್ನ ಧೋತ್ರ ಎಲ್ಲೈತಿ?"

ಮತ್ತೆ ಬೆಳಗಾವಿಗೆ ಒಯ್ದಾಗ ಡಾಕ್ಟರು ನನ್ನ ಪಟ್ಟಿಯನ್ನು ಎರಡು ಸಲ ಓದಿದರು. "ಯಾರವಾ ಇದನ್ನ ಬರದವರು? ಉಪ್ಪು, ಎಣ್ಣಿ ಕಡಿಮಿ ಮಾಡ್ರಿ ಅಂದಿದ್ನಿ. ರೊಟ್ಟಿ ಬಿಡಸ್ರಿ ಅಂದಿದ್ನೇನು?" ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಮಲ ಮೆತ್ತಗಾಗಲು ಔಷಧಿ ಬರೆದು, ದಿನಕ್ಕೆ ಎಷ್ಟು ನೀರು ಎಂದು ಹೇಳಿ, ಕಾಕಾನ ಕಡೆ ತಿರುಗಿದರು. "ಬರಲಿಲ್ಲಂದ್ರ ಎದ್ದ ಬಂದಬಿಡ್ರಿ. ಕುಸ್ತಿ ನಾಳೆ ಇಟ್ಕೊಂಡ್ರಾತು."

ಮನೆಯಲ್ಲಿ ಮತ್ತೆ ರೊಟ್ಟಿ ತಟ್ಟುವ ಸದ್ದು ಕೇಳಿತು. ಮೆಂತ್ಯಸೊಪ್ಪು, ಮೊಳಕೆ ಹೆಸರುಕಾಳು, ನೀರು ಮಜ್ಜಿಗೆ. ಎರಡು ದಿನ ಕಾಕಾ ಒಳಗೆ ಹೋಗಿ ಸುಮ್ಮನೆ ಎದ್ದು ಬಂದ. ಮೂರನೆಯ ದಿನ ಹೊರಗೆ ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು. ಒಳಗಿದ್ದವನು ಹಿಡಿಯಬಾರದಿತ್ತು, ನಮಗೆ ಯಾರೂ ಬೇಡವೆಂದಿರಲಿಲ್ಲ. ಹೂಂಕಾರವಿಲ್ಲ. ಆಮೇಲೆ ನೀರು ಸುರಿದ ಸದ್ದು. ಬಾಗಿಲು ತೆರೆಯಿತು. ಕಾಕಾ ಹೊಸ್ತಿಲ ಮೇಲೆ ನಿಂತು ತೊಡೆ ತಟ್ಟಿದ.

"ದಮ್ಮ ಕಟ್ಟಲಾರದ ಚಿತ್ ಮಾಡಿದ್ನಿ ನೋಡ್ರಿ."

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು ಓಣಿಗೆಲ್ಲ ಸಕ್ಕರೆ ಹಂಚಿದಳು. ಏನು ವಿಶೇಷ ಎಂದು ಕೇಳಿದವರಿಗೆ ಕಾಕಾನೇ ಕಟ್ಟೆಯ ಮೇಲೆ ಕುಳಿತು ವಿವರವಾಗಿ ಹೇಳಿದ. ಅವತ್ತಿನಿಂದ ಓಣಿಯ ಮುದುಕರೆಲ್ಲ ತಮ್ಮ ಹೊಟ್ಟೆಯ ಕಷ್ಟವನ್ನು ಅವನ ಹತ್ತಿರ ಬಂದು ಹೇಳುತ್ತಾರೆ. "ತಿಣುಕಬ್ಯಾಡೋ ಮಾರಾಯಾ, ಡಾಕ್ಟರಿಗೆ ಹೇಳಾಕ ಯಾಕ ನಾಚತಿ?" ಎಂದು ಬೈದು ಕಳಿಸುತ್ತಾನೆ.

ಇವತ್ತು ಸ್ಕ್ರೂ ಹಿಡಿದು ನಿಂತಿದ್ದಾಗ ಕಾಕಾ ಒಳಗೆ ಬಂದ. ಮುಚ್ಚಿಡಲು ನೋಡಿದೆ, ಆಗಲಿಲ್ಲ.

"ಹಾಂ, ಇಲ್ಲಿ ಇಟ್ಟಾಳೇನು?" ಎಂದ.

"ನಿನಗ ಆವಾಗ್ಲೇ ಗೊತ್ತಿತ್ತೇನು ಕಾಕಾ?"

"ಕಣಕ ಕಣ್ಣಿಗೆ ಕಾಣೂದಿಲ್ಲೇನ ತಂಗಿ? ಕೊಂಡಿ ಬಿದ್ದರ ನನಗ ಗೊತ್ತಾಗೇತಿ ಅಂತ ಪಾಪ ಅಕಿಗೆ ತಿಳೀತೈತಲ್ಲ, ಅದಕ್ಕ ಚಿಲಕಾ ಮೆಲ್ಲಕ ಸರಸ್ತಿದ್ನಿ."

ಜೀವಮಾನವಿಡೀ ಬಲ ಹಾಕಿದ ಕೈ ಆ ಐದು ದಿನ ಚಿಲಕವನ್ನು ಮೆಲ್ಲಗೆ ಸರಿಸಿತ್ತು. ಅವನು ಸ್ಕ್ರೂಗಳನ್ನು ಮತ್ತೆ ಸಾಸಿವೆಯೊಳಗೆ ಹಾಕಿ, "ಒಗ್ಗರಣಿ ಹಾಕು, ರೊಟ್ಟಿ ಆರತಾವ" ಎಂದು ತಾಟಿನ ಮುಂದೆ ಕುಳಿತ.

ಊಟವಾದ ಮೇಲೆ ಹಳೆಯ ಡೈರಿಯ ಆ ಪುಟದ ಕೆಳಗೆ ಹೊಸ ಶಾಯಿಯಲ್ಲಿ ಸೇರಿಸಿದೆ: ಬಾಗಿಲು ತೆರೆದವಳು ಕಾಕು. ಗೊತ್ತಿದ್ದೂ ತೆರೆಯುವಂತೆ ಬಿಟ್ಟವನು ಕಾಕಾ. ನನ್ನ ಪಾಲು, ಬ್ರೆಡ್.